ಯಾವ ರಾಜ್ಯ ಬೆಳೆಯಿತು, ಯಾವ ಜಿಲ್ಲೆ ಕುಗ್ಗಿತು: ಜನಗಣತಿ ಲೆಕ್ಕ ಹಂತ ಹಂತವಾಗಿ

ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ ಮಾತು ಬಂತೆಂದರೆ ಸಾಕು, ಉತ್ತರ ಭಾರತ ಬೆಳೆಯಿತು, ದಕ್ಷಿಣ ನಿಂತುಹೋಯಿತು ಎಂಬ ವಾದ ಶುರುವಾಗುತ್ತದೆ. ಎಷ್ಟು ಬೆಳೆಯಿತು, ಎಲ್ಲಿ ನಿಂತಿತು ಎಂದು ಮರುಪ್ರಶ್ನೆ ಹಾಕಿದರೆ ಹೆಚ್ಚಿನವರ ಬಳಿ ಉತ್ತರವಿಲ್ಲ. ಆ ಉತ್ತರವನ್ನು ನೀವೇ ಕಂಡುಕೊಳ್ಳಬಹುದು. ಜನಗಣತಿಯ ಅಂಕಿಗಳು ಪುಕ್ಕಟೆ ಸಿಗುತ್ತವೆ. ಬೇಕಾಗುವ ಗಣಿತ ಹೈಸ್ಕೂಲಿಗೆ ಮುಂಚೆಯೇ ಕಲಿತ ಶೇಕಡಾವಾರು ಲೆಕ್ಕ, ಅಷ್ಟೇ. ಗಣಿತ ಎಂದರೆ ಕೈ ನಡುಗುವವರೂ ಭಯಪಡಬೇಡಿ. ಕೂಡುವುದು, ಕಳೆಯುವುದು ಎಲ್ಲ ಕಂಪ್ಯೂಟರ್ ಮಾಡುತ್ತದೆ. ನೀವು ಯಾವುದನ್ನು ಯಾವುದರಿಂದ ಕಳೆಯಬೇಕು ಎಂದು ಹೇಳಿದರೆ ಸಾಕು.

ಹಂತ 1: ಶೀಟ್ ತೆರೆಯಿರಿ

ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲೂ ಆಗುತ್ತದೆ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ತೆರೆದು ಹೊಸ ಶೀಟ್ ತೆಗೆದುಕೊಳ್ಳಿ. ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಐದು ತಲೆಬರಹ ಬರೆಯಿರಿ: ಪ್ರದೇಶ, 2001, 2011, ಹತ್ತು ವರ್ಷದ ಏರಿಕೆ, ವಾರ್ಷಿಕ ದರ.

ಒಂದು ಎಚ್ಚರಿಕೆ. ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ, ತೊಂದರೆಯಿಲ್ಲ. ಆದರೆ ಅಂಕಿ ಬರೆಯುವ ಮುನ್ನ ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಕನ್ನಡ ಅಂಕಿ ಟೈಪ್ ಮಾಡಿದರೆ ಶೀಟ್ ಅದನ್ನು ಸಂಖ್ಯೆ ಎಂದು ಗುರುತಿಸುವುದಿಲ್ಲ, ಅಕ್ಷರ ಎಂದುಕೊಳ್ಳುತ್ತದೆ. ಆಗ ಲೆಕ್ಕ ಬರುವುದಿಲ್ಲ.

ಹಂತ 2: ಅಂಕಿ ತುಂಬಿಸಿ

ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ 'ಎ-2' ಎಂಬ ಕೋಷ್ಟಕವಿದೆ. 1901ರಿಂದ ಹತ್ತು ಹತ್ತು ವರ್ಷಕ್ಕೆ ಪ್ರತಿ ರಾಜ್ಯದ, ಪ್ರತಿ ಜಿಲ್ಲೆಯ ಜನಸಂಖ್ಯೆ ಅದರಲ್ಲಿ ಸಿಗುತ್ತದೆ. ಅದನ್ನು ಹುಡುಕಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮೊದಲ ಅಭ್ಯಾಸಕ್ಕೆ ನಾನೇ ಕೆಲವು ಸಾಲು ಕೊಡುತ್ತೇನೆ. ಮೊದಲನೆಯ ಸಂಖ್ಯೆ 2001ರದು, ಎರಡನೆಯದು 2011ರದು.

ಭಾರತ: 1,02,87,37,436 – 1,21,08,54,977
ಬಿಹಾರ: 8,29,98,509 – 10,40,99,452
ಉತ್ತರ ಪ್ರದೇಶ: 16,61,97,921 – 19,98,12,341
ಕರ್ನಾಟಕ: 5,28,50,562 – 6,10,95,297
ತಮಿಳುನಾಡು: 6,24,05,679 – 7,21,47,030
ಕೇರಳ: 3,18,41,374 – 3,34,06,061
ನಾಗಾಲ್ಯಾಂಡ್: 19,90,036 – 19,78,502

ಟೈಪ್ ಮಾಡುವಾಗ ಅಲ್ಪವಿರಾಮ ಹಾಕಬೇಡಿ, ಬರೀ ಅಂಕಿ ಸಾಕು. ಬರೆದ ಮೇಲೆ ಸೆಲ್ ಕಡೆ ಒಮ್ಮೆ ನೋಡಿ. ಸಂಖ್ಯೆ ತಾನಾಗಿ ಬಲಕ್ಕೆ ಸರಿದು ನಿಂತಿದ್ದರೆ ಸರಿ. ಎಡಕ್ಕೆ ಅಂಟಿಕೊಂಡಿದ್ದರೆ ಶೀಟ್ ಅದನ್ನು ಅಕ್ಷರವೆಂದು ತಿಳಿದಿದೆ ಎಂದರ್ಥ. ಅಳಿಸಿ ಮತ್ತೆ ಬರೆಯಿರಿ. ವೆಬ್‌ಸೈಟಿನಿಂದ ಕಾಪಿ ಮಾಡಿ ತಂದ ಅಂಕಿಗಳಲ್ಲಿ ಈ ತೊಂದರೆ ಹೆಚ್ಚು.

ಹಂತ 3: ಶೇಕಡಾ ಏರಿಕೆ ತೆಗೆಯಿರಿ

ನಾಲ್ಕನೇ ಕಾಲಂನಲ್ಲಿ, ಭಾರತದ ಸಾಲಿನ ಸೆಲ್ ಮೇಲೆ ಕ್ಲಿಕ್ ಮಾಡಿ. ಮೊದಲು ಸಮ ಚಿಹ್ನೆ ಒತ್ತಿ. ಇದನ್ನು ಮರೆತರೆ ಯಾವ ಫಾರ್ಮುಲಾವೂ ಓಡುವುದಿಲ್ಲ. ಆಮೇಲೆ ಹೀಗೆ ಬರೆಯುತ್ತಾ ಹೋಗಿ. ಸೆಲ್ ಎಂದಿರುವ ಕಡೆ ಹೆಸರು ಬರೆಯಬೇಡಿ, ಆ ಸೆಲ್ ಮೇಲೆ ಕ್ಲಿಕ್ ಮಾಡಿ, ಸಾಕು:

=(2011ರ ಸೆಲ್ - 2001ರ ಸೆಲ್)/2001ರ ಸೆಲ್*100

ಎಂಟರ್ ಒತ್ತಿ. 17.70 ಎಂದು ಬರಬೇಕು. ಬಂತೇ? ಹಾಗಾದರೆ ಆ ಸೆಲ್‌ನ ಬಲ ಕೆಳಮೂಲೆಯಲ್ಲಿರುವ ಚಿಕ್ಕ ಗುರುತನ್ನು ಹಿಡಿದು ಕೆಳಗಿನ ಸಾಲುಗಳ ತನಕ ಎಳೆಯಿರಿ. ಎಲ್ಲ ಲೆಕ್ಕವೂ ಒಟ್ಟಿಗೆ ಮುಗಿಯುತ್ತದೆ. ಬಿಹಾರ 25.42, ಉತ್ತರ ಪ್ರದೇಶ 20.23, ತಮಿಳುನಾಡು 15.61, ಕರ್ನಾಟಕ 15.60, ಕೇರಳ 4.91, ನಾಗಾಲ್ಯಾಂಡ್ ಮೈನಸ್ 0.58.

ಹೊಸಬರು ಎಡವುವುದು ಭಾಗಿಸುವ ಜಾಗದಲ್ಲಿ. ಯಾವಾಗಲೂ ಹಳೆಯ ವರ್ಷದ ಸಂಖ್ಯೆಯಿಂದಲೇ ಭಾಗಿಸಬೇಕು. 2011ರಿಂದ ಭಾಗಿಸಿದರೆ ಬಿಹಾರ ಶೇ 20ರ ಹತ್ತಿರಕ್ಕೆ ಇಳಿದುಬಿಡುತ್ತದೆ.

ಹಂತ 4: ಉತ್ತರ ನಂಬುವಂತಿದೆಯೇ ಎಂದು ನೋಡಿ

ಮೈನಸ್ ಬಂದರೆ ಗಾಬರಿಯಾಗಬೇಡಿ, ಜನಸಂಖ್ಯೆ ಇಳಿಯಲೂಬಹುದು. ಆದರೆ ನಾಗಾಲ್ಯಾಂಡಿನಂಥ ಅಂಕಿ ಕಂಡರೆ ಹಿಂದಿನ ದಶಕವನ್ನೂ ತೆಗೆದು ನೋಡುವ ಅಭ್ಯಾಸವಿರಲಿ. 1991ರಲ್ಲಿ ಅಲ್ಲಿದ್ದವರು 12,09,546 ಮಂದಿ. ಅಂದರೆ 2001ರ ಹೊತ್ತಿಗೆ ಶೇ 64.5ರಷ್ಟು ಏರಿಕೆ! ಇಷ್ಟು ಜಿಗಿದ ರಾಜ್ಯ ಮುಂದಿನ ಹತ್ತು ವರ್ಷದಲ್ಲಿ ಇಳಿಯುತ್ತದೆ ಎಂದರೆ ಜನ ಎದ್ದು ಹೋದರು ಎನ್ನುವುದಕ್ಕಿಂತ 2001ರ ಎಣಿಕೆಯೇ ಉಬ್ಬಿತ್ತು ಎನ್ನುವುದು ಹೆಚ್ಚು ಸರಿ. ಆ ಎಣಿಕೆಯನ್ನು ಅಲ್ಲಿನ ರಾಜ್ಯ ಸರ್ಕಾರವೇ ಒಪ್ಪಿರಲಿಲ್ಲ. ಸರ್ಕಾರಿ ಕೋಷ್ಟಕದಲ್ಲಿ ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಅಂಕಿಯ ಮುಂದೆ ಕೈಮುಗಿಯಬೇಕಿಲ್ಲ.

ಹಂತ 5: ವಾರ್ಷಿಕ ದರ ತೆಗೆಯಿರಿ

ಬಿಹಾರ ಹತ್ತು ವರ್ಷದಲ್ಲಿ ಶೇ 25.42 ಬೆಳೆದಿದೆ, ಹಾಗಾದರೆ ವರ್ಷಕ್ಕೆ 2.54 ಎಂದು ಬರೆಯಲು ಕೈ ತುರಿಸುತ್ತದೆ. ಬೇಡ. ಬ್ಯಾಂಕಿನ ಚಕ್ರಬಡ್ಡಿಯ ಹಾಗೆ ಈ ವರ್ಷ ಹೆಚ್ಚಾದ ಜನರ ಮೇಲೂ ಮುಂದಿನ ವರ್ಷದ ಏರಿಕೆ ಕೂಡುತ್ತದೆ. ಐದನೇ ಕಾಲಂನಲ್ಲಿ ಹೀಗೆ ಬರೆಯಿರಿ:

=((2011ರ ಸೆಲ್/2001ರ ಸೆಲ್)^(1/10)-1)*100

ಟೋಪಿಯಂಥ ಗುರುತು ಶಿಫ್ಟ್ ಹಿಡಿದು 6 ಒತ್ತಿದರೆ ಬರುತ್ತದೆ. ಆವರಣ ಎಷ್ಟು ತೆರೆದಿರೋ ಅಷ್ಟೇ ಮುಚ್ಚಿ. ಬಿಹಾರಕ್ಕೆ 2.29, ಕೇರಳಕ್ಕೆ 0.48 ಬರುತ್ತದೆ. ಕೇರಳದ ಈ 0.48 ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 6: ಪಾಲು ಲೆಕ್ಕ ಹಾಕಿ

ಇದು ಚಿಕ್ಕ ಹಂತ, ಆದರೆ ರಾಜಕೀಯದ ಜಗಳವೆಲ್ಲ ಇಲ್ಲಿದೆ. ರಾಜ್ಯದ ಜನಸಂಖ್ಯೆಯನ್ನು ಅದೇ ವರ್ಷದ ಭಾರತದ ಜನಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿ. ಬಿಹಾರದ ಪಾಲು 8.07ರಿಂದ 8.60ಕ್ಕೆ ಏರಿತು. ಕೇರಳದ್ದು 3.10ರಿಂದ 2.76ಕ್ಕೆ ಇಳಿಯಿತು. ಕರ್ನಾಟಕವನ್ನು ನೋಡಿ: 82 ಲಕ್ಷ ಜನ ಹೆಚ್ಚಾದರೂ ಪಾಲು 5.14ರಿಂದ 5.05ಕ್ಕೆ ಬಂತು. ದೇಶದ ಸರಾಸರಿಗಿಂತ ನಿಧಾನವಾಗಿ ಬೆಳೆಯುವವರ ಜನಸಂಖ್ಯೆ ಏರುತ್ತಿದ್ದರೂ ಪಾಲು ಕರಗುತ್ತದೆ.

ಜಗಳ ಇರುವುದು ಈ ಪಾಲಿನಿಂದ ಸಿಗುವ ಸ್ಥಾನ ಮತ್ತು ಹಣದ ಮೇಲೆ. ಲೋಕಸಭೆಯ ಸ್ಥಾನಗಳು ರಾಜ್ಯಗಳಿಗೆ ಹಂಚಿಕೆಯಾಗಿರುವುದು ಈಗಲೂ 1971ರ ಜನಗಣತಿಯ ಲೆಕ್ಕದಲ್ಲಿ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಅದನ್ನು ಅಲ್ಲಿಗೇ ನಿಲ್ಲಿಸಿತು. 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದಕ್ಕೆ ಹಾಕಿತು. ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಮಾತ್ರ 15ನೇ ಹಣಕಾಸು ಆಯೋಗ 2011ರ ಜನಸಂಖ್ಯೆಗೆ ಬಂದುಬಿಟ್ಟಿತು. ಜನನ ಪ್ರಮಾಣ ಇಳಿಸಿದ ರಾಜ್ಯಗಳಿಗೆ ನಷ್ಟವಾಗದಿರಲಿ ಎಂದು ಶೇ 12.5 ತೂಕವನ್ನು ಬೇರೆಯಾಗಿ ಇಟ್ಟಿತು. ಅಷ್ಟಾದರೂ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಕುಸಿಯಿತು. ಇದಕ್ಕೆ ಜನಸಂಖ್ಯೆಗಿಂತಲೂ ದೊಡ್ಡ ಕಾರಣ ನಮ್ಮ ತಲಾ ಆದಾಯ ಹೆಚ್ಚಿರುವುದು. ವಾದ ಮಾಡುವಾಗ ಎರಡನ್ನೂ ಬೆರೆಸಬೇಡಿ.

ಹಂತ 7: ಜಿಲ್ಲೆಗೆ ಇಳಿಯುವ ಮುನ್ನ ಗಡಿ ನೋಡಿ

ಇಲ್ಲಿ ಸ್ವಲ್ಪ ನಿಧಾನಿಸಿ. ಜಿಲ್ಲೆಯ ಲೆಕ್ಕದಲ್ಲಿ ಹೊಸಬರು ಬೀಳುವ ದೊಡ್ಡ ಗುಂಡಿ ಇದೇ.

2001ರ ಜನಗಣತಿ ಪುಸ್ತಕದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 18,81,514 ಎಂದಿದೆ. 2011ರದ್ದರಲ್ಲಿ 9,90,923. ಫಾರ್ಮುಲಾ ಹಾಕಿ ನೋಡಿ, ಮೈನಸ್ 47 ಬರುತ್ತದೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ, ನೆಲಮಂಗಲದಲ್ಲಿ ಸೈಟಿಗೆ ಮುಗಿಬಿದ್ದ ಅದೇ ದಶಕದಲ್ಲಿ ಅರ್ಧ ಜಿಲ್ಲೆ ಖಾಲಿಯಾಯಿತೇ? ಹಾಗೇನೂ ಇಲ್ಲ. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ಅದರ ಜೊತೆ ಹೋದವು. ಈಗಿನ ಗಡಿಯೊಳಗೆ 2001ರಲ್ಲಿದ್ದವರು 8,50,968 ಮಂದಿ. ಅದನ್ನು ಹಾಕಿದರೆ ಶೇ 16.45 ಏರಿಕೆ ಸಿಗುತ್ತದೆ. ರಾಜ್ಯದ ಸರಾಸರಿಗಿಂತ ಒಂದಿಷ್ಟು ಮೇಲೆಯೇ.

2007ರಲ್ಲೇ ಕೋಲಾರದಿಂದ ಚಿಕ್ಕಬಳ್ಳಾಪುರ, ಆಮೇಲೆ ಕಲಬುರಗಿಯಿಂದ ಯಾದಗಿರಿ ಬೇರ್ಪಟ್ಟವು. ಹಾಗಾಗಿ 2001ರಲ್ಲಿ 27 ಇದ್ದ ನಮ್ಮ ಜಿಲ್ಲೆಗಳು 2011ಕ್ಕೆ 30 ಆದವು. ಪರಿಹಾರ ಸುಲಭ. ಎರಡು ಪುಸ್ತಕಗಳಿಂದ ಎರಡು ಅಂಕಿ ತರಬೇಡಿ. ಎರಡನ್ನೂ 2011ರ ಎ-2 ಕೋಷ್ಟಕದಿಂದಲೇ ತನ್ನಿ. ಅದರಲ್ಲಿ ಹಳೆಯ ಜನಸಂಖ್ಯೆಯನ್ನು ಹೊಸ ಗಡಿಗೆ ಹೊಂದಿಸಿಯೇ ಕೊಟ್ಟಿರುತ್ತಾರೆ.

ಹಂತ 8: ಜಿಲ್ಲೆಗಳನ್ನು ತುಂಬಿಸಿ

ಈಗ ಧೈರ್ಯವಾಗಿ ಮುಂದುವರಿಯಿರಿ. ಶೀಟಿನ ಕೆಳಗೆ ಹೊಸ ಸಾಲುಗಳನ್ನು ಸೇರಿಸಿ.

ಬೆಂಗಳೂರು ನಗರ: 65,37,124 – 96,21,551
ಯಾದಗಿರಿ: 9,56,180 – 11,74,271
ಮಂಡ್ಯ: 17,63,705 – 18,05,769
ಕೊಡಗು: 5,48,561 – 5,54,519
ಚಿಕ್ಕಮಗಳೂರು: 11,40,905 – 11,37,961

ಫಾರ್ಮುಲಾ ಎಳೆಯಿರಿ. ಬೆಂಗಳೂರು ನಗರ 47.18, ಯಾದಗಿರಿ 22.81, ಮಂಡ್ಯ 2.38, ಕೊಡಗು 1.09, ಚಿಕ್ಕಮಗಳೂರು ಮೈನಸ್ 0.26. ಯಾದಗಿರಿ ಹೆಚ್ಚುಕಡಿಮೆ ಬಿಹಾರದ ಸಾಲಿನಲ್ಲಿ ನಿಂತಿದೆ. ಮಂಡ್ಯ, ಕೊಡಗು ಕೇರಳಕ್ಕಿಂತಲೂ ನಿಧಾನ. 'ದಕ್ಷಿಣ ಭಾರತ' ಎಂದು ಒಂದೇ ಮಾತಿನಲ್ಲಿ ಹೇಳುವವರಿಗೆ ಈ ಐದು ಸಾಲು ತೋರಿಸಿ.

ಹಂತ 9: ದೊಡ್ಡ ನಗರವನ್ನು ತೆಗೆದು ನೋಡಿ

ಕರ್ನಾಟಕದ ಸಂಖ್ಯೆಯಿಂದ ಬೆಂಗಳೂರು ನಗರ ಜಿಲ್ಲೆಯ ಸಂಖ್ಯೆ ಕಳೆಯಿರಿ, ಎರಡೂ ವರ್ಷಕ್ಕೆ. 4,63,13,438 ಮತ್ತು 5,14,73,746 ಉಳಿಯುತ್ತದೆ. ಈಗ ಏರಿಕೆ ಬರೀ 11.14. ರಾಜ್ಯದಲ್ಲಿ ಹೆಚ್ಚಾದ ಪ್ರತಿ 100 ಜನರಲ್ಲಿ 37 ಮಂದಿ ಆ ಒಂದೇ ಜಿಲ್ಲೆಯ ಲೆಕ್ಕಕ್ಕೆ ಬರುತ್ತಾರೆ. ತಮಿಳುನಾಡಿಗೂ ನಮಗೂ ಸರಿಸುಮಾರು ಒಂದೇ ಶೇಕಡಾ ಬಂದಿತ್ತಲ್ಲ, ರಾಜ್ಯಮಟ್ಟದ ಅಂಕಿ ಒಳಗಿನದನ್ನು ಎಷ್ಟು ಮುಚ್ಚಿಡುತ್ತದೆ ಎನ್ನುವುದು ಈ ಒಂದು ಕಳೆಯುವ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಇದೇ ರೀತಿ ಬೇರೆ ರಾಜ್ಯಗಳನ್ನೂ ಬಿಡಿಸಿ ನೋಡಿ. ಮಹಾರಾಷ್ಟ್ರದ ರತ್ನಗಿರಿ ಶೇ 4.8 ಕುಗ್ಗಿದ ದಶಕದಲ್ಲೇ ಠಾಣೆ ಶೇ 36 ಹಿಗ್ಗಿತು. ಉತ್ತರಾಖಂಡದಲ್ಲಿ ಪೌಡಿ ಗಢ್ವಾಲ್, ಅಲ್ಮೋಡಾ ಎಂಬ ಗುಡ್ಡದ ಜಿಲ್ಲೆಗಳು ಇಳಿದವು, ತಪ್ಪಲಿನ ಉಧಮ್ ಸಿಂಗ್ ನಗರ ಶೇ 33 ಏರಿತು. ಕೇರಳದೊಳಗೇ ಪತ್ತನಂತಿಟ್ಟ ಮೈನಸ್ 3, ಮಲಪ್ಪುರಂ ಪ್ಲಸ್ 13.

ಹಂತ 10: ಕಾರಣವನ್ನು ಮೂರು ಬಾಗಿಲಲ್ಲಿ ಹುಡುಕಿ

ಇಷ್ಟರವರೆಗೆ ಎಷ್ಟು ಎಂದು ನೋಡಿದೆವು. ಏಕೆ ಎನ್ನುವುದಕ್ಕೆ ಮೂರೇ ದಾರಿ: ಹುಟ್ಟು, ಸಾವು, ವಲಸೆ. ಗಡಿ ಬದಲಾಗದೆ, ಎಣಿಕೆಯೂ ಸರಿಯಿದ್ದರೆ ಬೇರೆ ಯಾವ ರೀತಿಯಲ್ಲೂ ಒಂದು ಊರಿನ ಜನಸಂಖ್ಯೆ ಬದಲಾಗುವುದಿಲ್ಲ. ಕಾರಣ ಹೇಳುವವರು ಯಾವ ಬಾಗಿಲಿನ ಮಾತಾಡುತ್ತಿದ್ದಾರೆ ಎಂದು ಕೇಳಿಕೊಳ್ಳಿ.

ಹುಟ್ಟು ಸಾವಿನ ಪ್ರಮಾಣ ಎಸ್‌ಆರ್‌ಎಸ್ ಎಂಬ ಸರ್ಕಾರಿ ಮಾದರಿ ಸಮೀಕ್ಷೆಯಲ್ಲಿ ಸಿಗುತ್ತದೆ. 2020ರಲ್ಲಿ ಸಾವಿರ ಜನಕ್ಕೆ ಬಿಹಾರದಲ್ಲಿ 25.5 ಜನನ, 5.4 ಮರಣ. ಕೇರಳದಲ್ಲಿ 13.2 ಜನನ, 7.0 ಮರಣ. ಎರಡನೇ ಅಂಕಿ ನೋಡಿ ಕಣ್ಣುಜ್ಜಿಕೊಂಡಿರಾ? ಆಸ್ಪತ್ರೆಗಳಿಗೆ ಹೆಸರಾದ ಕೇರಳದಲ್ಲಿ ಬಿಹಾರಕ್ಕಿಂತ ಹೆಚ್ಚು ಸಾವು! ತಪ್ಪು ಅಚ್ಚಾಗಿಲ್ಲ. 2011ರಲ್ಲೇ ಕೇರಳದ ಶೇ 12.6 ಜನ 60 ದಾಟಿದ್ದರು, ಬಿಹಾರದಲ್ಲಿ ಶೇ 7.4. ವಯಸ್ಸಾದವರು ಹೆಚ್ಚಿರುವ ಕಡೆ ಸಾವಿರಕ್ಕೆ ಸಾವೂ ಹೆಚ್ಚು. ಈ ಅಂಕಿಯಿಂದ ಆರೋಗ್ಯ ಸೇವೆಯನ್ನು ಅಳೆಯಲು ಹೋಗಬೇಡಿ. ಅದಕ್ಕೆ ಶಿಶು ಮರಣ ಪ್ರಮಾಣ ನೋಡಬೇಕು. ಅದೇ 2020ರಲ್ಲಿ ಜನಿಸಿದ ಸಾವಿರ ಶಿಶುಗಳಲ್ಲಿ ಕೇರಳ 6 ಕಳೆದುಕೊಂಡಿತು, ಬಿಹಾರ 27.

ಹಂತ 11: ವಲಸೆಯನ್ನು ಕಳೆದು ಹಿಡಿಯಿರಿ

ನನಗೆ ಬಹಳ ಇಷ್ಟವಾದ ಹಂತ ಇದು. ಜನನದಿಂದ ಮರಣ ಕಳೆದರೆ ಸಹಜ ಏರಿಕೆ. 2011ರಲ್ಲಿ ಕೇರಳದ ಜನನ ಸಾವಿರಕ್ಕೆ 15.2, ಮರಣ 7.0. ಉಳಿಯುವುದು 8.2, ಅಂದರೆ ನೂರಕ್ಕೆ 0.82. ಆ ದಶಕದ ಆರಂಭದ ವರ್ಷಗಳಲ್ಲಿ ಜನನ ಇನ್ನೂ ಹೆಚ್ಚೇ ಇತ್ತು. ಹಾಗಾದರೆ ಕೇರಳ ವರ್ಷಕ್ಕೆ ಹೆಚ್ಚುಕಡಿಮೆ ಶೇ 0.82 ಬೆಳೆಯಬೇಕಿತ್ತು. ನಮ್ಮ ಐದನೇ ಕಾಲಂ ಹೇಳುವುದು 0.48. ನಡುವಿನ ಅಂತರದಲ್ಲಿರುವವರು ದುಬೈ, ದೋಹಾ, ರಿಯಾದ್, ಬೆಂಗಳೂರು, ಚೆನ್ನೈಗಳಲ್ಲಿದ್ದಾರೆ.

ಇದು ಒರಟು ಲೆಕ್ಕ, ಸಂಶೋಧನಾ ಪ್ರಬಂಧಕ್ಕೆ ಸಾಲದು. ಆದರೆ ಕೇರಳದ ನಿಧಾನಗತಿಗೆ ಮಕ್ಕಳು ಕಡಿಮೆಯಾದದ್ದು ಒಂದೇ ಕಾರಣವಲ್ಲ ಎಂದು ಹೇಳಲು ಧಾರಾಳವಾಗಿ ಸಾಕು. ಬಿಹಾರದಿಂದಲೂ ಲಕ್ಷಾಂತರ ಮಂದಿ ಹೊರಗೆ ದುಡಿಯುತ್ತಾರೆ. ಅಷ್ಟು ಜನ ಹೊರಟ ಮೇಲೂ ಉಳಿದದ್ದು 25.42.

ಹಂತ 12: ಮುಂದೇನು ಎಂದು ತಿಳಿಯಲು ಟಿಎಫ್‌ಆರ್ ನೋಡಿ

ಒಬ್ಬ ಮಹಿಳೆಗೆ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳು ಎಂಬುದೇ ಟಿಎಫ್‌ಆರ್, ಒಟ್ಟು ಫಲವತ್ತತೆ ದರ. 2.1 ಇದ್ದರೆ ತಂದೆ ತಾಯಿಯ ತಲೆಮಾರನ್ನು ಮಕ್ಕಳ ತಲೆಮಾರು ಸರಿದೂಗಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಾಸರಿ 2.0ಕ್ಕೆ ಬಂತು. ಬಿಹಾರ 3.0, ಮೇಘಾಲಯ 2.9, ಉತ್ತರ ಪ್ರದೇಶ 2.4, ಕೇರಳ 1.8, ಕರ್ನಾಟಕ 1.7, ಪಶ್ಚಿಮ ಬಂಗಾಳ 1.6, ಸಿಕ್ಕಿಂ 1.1. ಬಂಗಾಳ ಕೇರಳಕ್ಕಿಂತ ಕೆಳಗಿರುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಒಂದೇ ವರ್ಷದ ಅಂಕಿ ನೋಡಿ ತೀರ್ಪು ಕೊಡಬೇಡಿ. 2005–06ರಲ್ಲಿ ಬಿಹಾರ 4.0, ಉತ್ತರ ಪ್ರದೇಶ 3.8 ಇದ್ದವು. ಹದಿನೈದು ವರ್ಷದಲ್ಲಿ ಉತ್ತರ ಪ್ರದೇಶ ಇಳಿದಿರುವ ಮೆಟ್ಟಿಲು ಸಣ್ಣದಲ್ಲ. ಹಾಗಂತ ಟಿಎಫ್‌ಆರ್ ಇಳಿದ ಮರುದಿನವೇ ಜನಸಂಖ್ಯೆ ನಿಲ್ಲುವುದಿಲ್ಲ. 2011ರಲ್ಲಿ ಬಿಹಾರದ ಜನರಲ್ಲಿ ಶೇ 18.4ರಷ್ಟು ಆರು ವರ್ಷದವರೆಗಿನ ಮಕ್ಕಳು, ಕೇರಳದಲ್ಲಿ ಶೇ 10.4. ಆ ಮಕ್ಕಳೆಲ್ಲ ಈಗ ಹರೆಯಕ್ಕೆ ಬಂದಿದ್ದಾರೆ. ತಲಾ ಎರಡೇ ಮಕ್ಕಳು ಎಂದುಕೊಂಡರೂ ತಂದೆ ತಾಯಿಯರ ಸಂಖ್ಯೆಯೇ ದೊಡ್ಡದಿರುವಾಗ ತೊಟ್ಟಿಲುಗಳ ಸಂಖ್ಯೆಯೂ ದೊಡ್ಡದೇ.

ಹಂತ 13: ಚಾರ್ಟ್ ಮಾಡಿ

ಹೆಸರಿನ ಕಾಲಂ ಮತ್ತು ಏರಿಕೆಯ ಕಾಲಂ ಆರಿಸಿ, ಇನ್ಸರ್ಟ್ ಮೆನುವಿನಲ್ಲಿ ಚಾರ್ಟ್ ಒತ್ತಿ, ಬಾರ್ ಚಾರ್ಟ್ ಆಯ್ದುಕೊಳ್ಳಿ. ಪೈ ಚಾರ್ಟ್ ಬೇಡ, ಅದರಲ್ಲಿ ಮೈನಸ್ ತೋರಿಸಲಾಗದು. ರಾಜ್ಯಗಳನ್ನೂ ಜಿಲ್ಲೆಗಳನ್ನೂ ಒಂದೇ ಚಾರ್ಟಿನಲ್ಲಿ ಬೆರೆಸಬೇಡಿ.

ಹಂತ 14: ಮುಂದಿನ ಗಣತಿಗೆ ಶೀಟ್ ಸಿದ್ಧ ಮಾಡಿ

2021ರ ಜನಗಣತಿ ನಡೆಯಲಿಲ್ಲ. ಮುಂದಿನ ಗಣತಿಗೆ ಗೊತ್ತುಮಾಡಿರುವ ದಿನಾಂಕ 2027ರ ಮಾರ್ಚ್ 1. ಲಡಾಖ್ ಮತ್ತು ಹಿಮ ಬೀಳುವ ಕೆಲವು ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. 2011ರ ಕಾಲಂ ಪಕ್ಕ ಒಂದು ಕಾಲಂ ಸೇರಿಸಿ 2027 ಎಂದು ಬರೆದಿಡಿ.

ಅಂಕಿ ಬಂದ ದಿನ ಎರಡು ವಿಷಯ ಮರೆಯಬೇಡಿ. 2011ರಿಂದ 2027ಕ್ಕೆ ಹತ್ತಲ್ಲ, ಹದಿನಾರು ವರ್ಷ. ಹಾಗಾಗಿ ಈ ಒಟ್ಟು ಏರಿಕೆಯ ಶೇಕಡಾವನ್ನು ಹಳೆಯ ದಶಕದ ಜೊತೆ ಇಟ್ಟು ಹೋಲಿಸಿದರೆ ಎಲ್ಲ ರಾಜ್ಯಗಳೂ ಜಿಗಿದಂತೆ ಕಾಣುತ್ತವೆ. ಹೋಲಿಸಬೇಕಾದದ್ದು ವಾರ್ಷಿಕ ದರವನ್ನು, ಅದೂ ಫಾರ್ಮುಲಾದಲ್ಲಿ 1/10 ಇರುವ ಕಡೆ 1/16 ಮಾಡಿಕೊಂಡು. ಇನ್ನೊಂದು ಗಡಿಯ ವಿಷಯ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಆಂಧ್ರ ಒಡೆದು ತೆಲಂಗಾಣ ಆಯಿತು, ಅಲ್ಲಿನ 10 ಜಿಲ್ಲೆಗಳು 33 ಆದವು. ಬಳ್ಳಾರಿಯ ಜನಸಂಖ್ಯೆ ಧಡಕ್ಕನೆ ಇಳಿದಿದೆ ಎಂದು ಯಾರಾದರೂ ಪೋಸ್ಟ್ ಹಾಕಿದರೆ ಅವರನ್ನು ಏಳನೇ ಹಂತಕ್ಕೆ ಕಳಿಸಿ.